ಬಿರ್ಗಿಟ್‌ಗೆ ಗ್ರೀಕ್ ಬರುವುದಿಲ್ಲ

ವೋಲೋಸ್, ಗ್ರೀಸ್, ೨೦ ಸೆಪ್ಟೆಂಬರ್ ೧೯೭೮

ಪ್ರಿಯ ಗುನ್‌ವೋರ್,

ನಿನ್ನ ಅಮ್ಮ ಈಗ ತಾವೇ ಚಮಚ ಹಿಡಿಯುತ್ತಾರೆ ಎಂದು ಓದಿ ಸಮಾಧಾನವಾಯಿತು. ಪಾರ್ಶ್ವವಾಯು ಹೊಡೆದವರಿಗೆ ಮೊದಲು ಬೈಗುಳ ಮರಳಿ ಬರುತ್ತದಂತೆ, ಆಮೇಲೆ ಮಾತು. ಬೈದ ದಿನ ನನಗೊಂದು ಸಾಲು ಬರೆ.

ನೀನು ಸ್ವೀಡನ್ನಿಗೆ ಹೋದ ಮೇಲೆ ಶಾಲೆ ನನ್ನೊಬ್ಬಳ ತಲೆಗೆ ಬಿದ್ದಿದೆ. ಸ್ವೀಡಿಷ್ ಅಮ್ಮಂದಿರ, ಗ್ರೀಕ್ ಅಪ್ಪಂದಿರ ಒಂಬತ್ತು ಮಕ್ಕಳು, ಎರಡು ಕೋಣೆ, ಕೆಳಗೆ ಕಾಫಿ ಅಂಗಡಿಯ ಹೊಗೆ. ಮಧ್ಯಾಹ್ನ ಗ್ರೀಕ್ ಮೇಷ್ಟರು ಬರುತ್ತಾರೆ. ಅವರಿಗೆ ಸ್ವೀಡಿಷ್ ಬಾರದು, ನನಗೆ ಗ್ರೀಕ್ ಬಾರದು. ಅವರದು ನಿಜ, ನನ್ನದು ನಾಟಕ! ಹದಿನಾಲ್ಕು ವರ್ಷ ಈ ಊರಿನ ಮೀನಿನವರ ಹತ್ತಿರ ಜಗಳವಾಡಿ ಬದುಕಿದವಳು ಶಾಲೆಯ ಮೆಟ್ಟಿಲು ಹತ್ತಿದ ಕೂಡಲೇ ಕಿವುಡಿಯಾಗಬೇಕು. ಪೇಟೆಯಲ್ಲಿ ಮಕ್ಕಳು ಎದುರಾದರೆ ಬೆರಳು ತೋರಿಸಿ ಸಾಮಾನು ಕೊಳ್ಳುತ್ತೇನೆ. ಮೀನಿನವನು ಮುಖ ಆಚೆ ತಿರುಗಿಸಿ ನಗುತ್ತಾನೆ.

ನಿಯಮ ಮಾಡಿದವಳು ನೀನು, ಪಾಲಿಸುವವಳು ನಾನು. ಸ್ವೀಡಿಷ್ ಟೀಚರಿಗೆ ಗ್ರೀಕ್ ಬರುವುದಿಲ್ಲ ಎಂದು ಮಕ್ಕಳು ನಂಬಿದರೆ ಮಾತ್ರ ಅವರ ಬಾಯಲ್ಲಿ ಸ್ವೀಡಿಷ್ ಉಳಿಯುತ್ತದೆ ಎನ್ನುತ್ತಿದ್ದೆ. ಅವರು ಗ್ರೀಕಿನಲ್ಲಿ ಆಡಿಕೊಂಡದ್ದು ಕಿವಿಗೆ ಬಿದ್ದರೂ ಬಿದ್ದಿಲ್ಲ, ಯಾರ ಮನೆಗೂ ಅದನ್ನು ಸಾಗಿಸುವಂತಿಲ್ಲ. ಇದು ಗೊತ್ತಿರುವುದಕ್ಕೇ ಗ್ರೀಕ್ ಅಪ್ಪಂದಿರು ನಮ್ಮನ್ನು ನಂಬಿದ್ದಾರೆ. ಸರಿಯೇ. ಆದರೆ ಮೊನ್ನೆ ಸ್ವಲ್ಪದರಲ್ಲಿ ಸಿಕ್ಕಿಬೀಳುತ್ತಿದ್ದೆ. ದ್ರಾಕ್ಷಿ ತಿನ್ನುತ್ತಾ ಅಂಗಳದಲ್ಲಿ ಕೂತಿದ್ದೆವು. ನಿನ್ನ ಮಗ ಫಾನಿಸ್ ಗ್ರೀಕಿನಲ್ಲಿ "ಬೆನ್ನ ಮೇಲೆ ಕಡಜ!" ಎಂದು ಕಿರುಚಿದ. ನಾನು ಕುರ್ಚಿ ಉರುಳಿಸಿಕೊಂಡು ಹಾರಿದೆ. ಎಲ್ಲರೂ ನಕ್ಕರು, ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೇನೆ.

ನಿನ್ನ ಮಗಳು ಅರ್ಗೀರೋಗೆ ಎಂಟು ತುಂಬಿದ್ದೇ ತಡ, ಇಡೀ ಶಾಲೆಗೆ ಅಕ್ಕನಾಗಿಬಿಟ್ಟಿದ್ದಾಳೆ. ತಮ್ಮನ ಮೂಗು ಒರೆಸುತ್ತಾಳೆ, ನನ್ನ ಕನ್ನಡಕ ಹುಡುಕಿ ಕೊಡುತ್ತಾಳೆ. ನಿಮ್ಮ ಅತ್ತೆ ಬಾಗಿಲಲ್ಲಿ ನಿಂತು ಅವಳಿಗೆ ಗ್ರೀಕಿನಲ್ಲಿ ಬೈಯುತ್ತಿದ್ದರು: "ಟೀಚರಮ್ಮನ್ನ ಬಿರ್ಗಿಟ್ ಬಿರ್ಗಿಟ್ ಅಂತ ಹೆಸರು ಹಿಡಿದು ಕೂಗ್ತೀಯಲ್ಲೇ, ನಿಮ್ಮಮ್ಮನ ದೇಶದಲ್ಲಿ ದೊಡ್ಡೋರು ಚಿಕ್ಕೋರು ಅನ್ನೋದೇ ಇಲ್ವಾ?" ನಾನು ಏನೂ ಅರ್ಥವಾಗದವಳ ಹಾಗೆ ಹಲ್ಲು ಕಿರಿದೆ.

ಈ ವರ್ಷ ಲೂಸಿಯಾ ಹಬ್ಬಕ್ಕೆ ಮೇಣದಬತ್ತಿಯ ಕಿರೀಟ ಅವಳದೇ ತಲೆಗೆ. ಡಿಸೆಂಬರ್ ಹದಿಮೂರರೊಳಗೆ ಬಂದುಬಿಡು.

ನಿನ್ನ,
ಬಿರ್ಗಿಟ್


ಹರ್ನೊಸಂಡ್, ಸ್ವೀಡನ್, ೬ ಅಕ್ಟೋಬರ್ ೧೯೭೮

ಬಿರ್ಗಿಟ್,

ಇದನ್ನು ಓದಿದ ಮೇಲೆ ಒಲೆಗೆ ಹಾಕು. ಶಾಲೆಯ ಕೆಳಗಿನ ಕಾಫಿ ಅಂಗಡಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಅರ್ಧ ಊರು ಕಿವಿಯಿಟ್ಟು ಕೂತಿರುತ್ತದೆ.

ನಾನು ವೋಲೋಸ್‌ಗೆ ವಾಸಕ್ಕೆ ಮರಳುವುದಿಲ್ಲ. ಲೂಸಿಯಾಕ್ಕೆ ಬರುತ್ತೇನೆ. ಮಕ್ಕಳನ್ನು ಕ್ರಿಸ್ಮಸ್‌ಗೆ ಅಜ್ಜಿಯ ಮನೆಗೆಂದು ಕರೆದುಕೊಂಡು ಬಂದು ಇಲ್ಲೇ ಇಟ್ಟುಕೊಳ್ಳುತ್ತೇನೆ. ಜನವರಿಯಲ್ಲಿ ಇಲ್ಲಿನ ಶಾಲೆಗೆ ಸೇರಿಸುವ ಮಾತಾಗಿದೆ. ಅವರಪ್ಪ ಸ್ಟಮಾಟಿಸ್‌ಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಅಲ್ಲಿನ ಕಾನೂನಿನಲ್ಲಿ ಮಕ್ಕಳು ಅಪ್ಪನ ಸೊತ್ತು. ಬೇಡ ಅಂದರೆ ಮುಗಿಯಿತು.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಿತ್ತು! ಬೇಸಿಗೆಯೆಲ್ಲ ಒಂದೇ ರಾಗ: ಮೆಲ್ಬರ್ನಿನ ಅಣ್ಣನ ಹತ್ತಿರ ಹೋಗೋಣ, ಅಲ್ಲಿ ಹಡಗು ರಿಪೇರಿಗೆ ಒಳ್ಳೆಯ ಕೆಲಸವಿದೆ. ನಾನು ಒಂದು ಸಲ ನನ್ನ ದೇಶ ಬಿಟ್ಟು ಬಂದವಳು, ಇನ್ನೊಂದು ಸಲ ಬಿಡುವ ಶಕ್ತಿ ಇಲ್ಲ ಎಂದೆ. ಆ ಹುಚ್ಚು ಈಗ ಇಳಿದಿದೆ ಎಂದು ಕಾಣುತ್ತದೆ. ಕಾಗದದಲ್ಲಿ ಆ ಮಾತೇ ಎತ್ತುವುದಿಲ್ಲ.

ನಿನ್ನಿಂದ ಒಂದು ಉಪಕಾರವಾಗಬೇಕು. ನನ್ನ ಮಕ್ಕಳ ಸ್ವೀಡಿಷ್ ಕಥೆಪುಸ್ತಕದ ಸ್ವೀಡಿಷ್. ಇಲ್ಲಿ ಬೇಕಾಗುವುದನ್ನು ಕಲಿಸು. ಬಸ್ಸಿನಲ್ಲಿ ಹೇಗೆ ಕೇಳಬೇಕು, ಊಟದ ಸಾಲಿನಲ್ಲಿ ಏನನ್ನಬೇಕು, ಹಿಮದ ಬೂಟು, ಸಲಿಕೆ, ಅಜ್ಜಿಯ ಮನೆಯ ವಿಳಾಸ. ಎಲ್ಲ ಮಕ್ಕಳಿಗೂ ಕಲಿಸಿದ ಹಾಗೆ ಕಲಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಲ್ಲ ಅನ್ನಬೇಡ.

ಗುನ್‌ವೋರ್


ವೋಲೋಸ್, ೨೭ ಅಕ್ಟೋಬರ್ ೧೯೭೮

ಪ್ರಿಯ ಗುನ್‌ವೋರ್,

ಒಲೆಗೆ ಹಾಕಿದೆ. ಆದರೆ ಓದಿದ್ದು ತಲೆಯಿಂದ ಹೋಗುವುದಿಲ್ಲವಲ್ಲ.

ನೀನು ಹೇಳಿದ್ದನ್ನು ಮಾಡುತ್ತಿದ್ದೇನೆ, ಸಂತೋಷದಿಂದಲ್ಲ. ಹೊರಗೆ ಇಪ್ಪತ್ತನಾಲ್ಕು ಡಿಗ್ರಿ ಬಿಸಿಲು, ಒಳಗೆ ಒಂಬತ್ತು ಮಕ್ಕಳು ಇಲ್ಲದ ಹಿಮವನ್ನು ಇಲ್ಲದ ಸಲಿಕೆಯಿಂದ ಗೋರುತ್ತಿದ್ದಾರೆ. ಏಳು ಮಕ್ಕಳು ನಗುತ್ತಾರೆ. ನಿನ್ನ ಇಬ್ಬರಲ್ಲಿ ಫಾನಿಸ್ ಸಲಿಕೆ ನಿಜವಾಗಿ ಎಲ್ಲಿದೆ ಎಂದು ಕೇಳುತ್ತಾನೆ. ಅರ್ಗೀರೋ ಏನೂ ಕೇಳುವುದಿಲ್ಲ. ಅಜ್ಜಿಯ ವಿಳಾಸ ಬಾಯಿಪಾಠ ಒಪ್ಪಿಸುವಾಗ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

ಒಂದು ಸೋಜಿಗ. ಫಾನಿಸ್ ಮೊನ್ನೆ ಹೊರಗೆ ಹೋಗಲು ಇಂಗ್ಲಿಷಿನಲ್ಲಿ ಅನುಮತಿ ಕೇಳಿದ! ಎಲ್ಲಿ ಕಲಿತೆ ಎಂದರೆ, "ಕ್ಯಾಸೆಟ್ನಲ್ಲಿ. ದೊಡ್ಡಪ್ಪ ಕಳಿಸಿದ್ದು. ಅಪ್ಪಾನೂ ಕಲೀತಿದ್ದಾರೆ, ಅಪ್ಪಂಗಿಂತ ನಾನೇ ಚೆನ್ನಾಗಿ ಹೇಳ್ತೀನಿ" ಎಂದ. ಮೂರು ಭಾಷೆಯ ಮಗು ಎಂದು ನಾನು ಹಿಗ್ಗಬೇಕು. ಹಿಗ್ಗಲಾಗಲಿಲ್ಲ.

ಶುಕ್ರವಾರ ಸ್ಟಮಾಟಿಸ್ ಶಾಲೆಗೆ ಬಂದಿದ್ದ. ನಿಮ್ಮ ಮನೆಯಲ್ಲಿ ನಾನೂ ಅವನೂ ಎಷ್ಟು ರಾತ್ರಿ ಗ್ರೀಕಿನಲ್ಲಿ ಹರಟಿದ್ದೇವೆ, ನೆನಪಿಸಿಕೋ. ಆದರೆ ತರಗತಿಯಲ್ಲಿ ಮಕ್ಕಳಿದ್ದರು, ಆದ್ದರಿಂದ ನನಗೆ ಗ್ರೀಕ್ ಬಾರದು. ಅವನು ಮಗಳನ್ನು ನಡುವೆ ನಿಲ್ಲಿಸಿಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಗ್ರೀಕಿನಲ್ಲಿ ಅಂದ: "ಕೇಳು ನಿಮ್ಮ ಟೀಚರನ್ನ. ವೋಲೋಸ್‌ನಲ್ಲಿ ಹುಟ್ಟಿದ ಮಗೂಗೆ ಹಿಮ ಗೋರೋ ಸಲಿಕೆ ಹೆಸರು ಯಾಕೆ ಬೇಕಂತೆ?"

ಅರ್ಗೀರೋ ನನ್ನ ಕಡೆ ತಿರುಗಿ ಸ್ವೀಡಿಷ್‌ನಲ್ಲಿ ಅಂದಳು: "ನಾವು ಚೆನ್ನಾಗಿ ಓದ್ತಿದ್ದೀವಾ ಅಂತ ಅಪ್ಪ ಕೇಳ್ತಿದ್ದಾರೆ."

ನಾನೇನು ಮಾಡಲಿ, ಗುನ್‌ವೋರ್? ಅವಳು ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟೆ. "ತುಂಬ ಚೆನ್ನಾಗಿ ಓದುತ್ತಿದ್ದೀರಿ ಅಂತ ಹೇಳು."

ಅವಳು ಅಪ್ಪನಿಗೆ: "ಚಳಿಗಾಲದ ಪಾಠ ಅಂತೆ ಅಪ್ಪಾ. ಎಲ್ಲಾರಿಗೂ ಇದೆಯಂತೆ."

ಅವನು ನಕ್ಕ. "ಭಲೇ ಮಗಳೇ, ಎರಡು ಕಡೇನೂ ಚೆನ್ನಾಗಿ ಹೊಂದಿಸ್ತೀಯ. ಇದೊಂದು ಹೇಳಿಬಿಡು. ಸೂಟ್‌ಕೇಸ್ ಕಟ್ಟೋಕೆ ಒಬ್ಬರಿಗೇ ಬರುತ್ತೆ ಅಂತ ತಿಳ್ಕೋಬೇಡಿ ಅಂತ."

ಅವಳು ನನಗೆ: "ಅಪ್ಪ ನಿಮಗೆ ಆಲಿವ್ ತಂದಿದ್ದಾರೆ, ತಗೋಬೇಕಂತೆ."

ನಿಜಕ್ಕೂ ತಂದಿದ್ದ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಲೆ ಬಾಗಿಸಿ ಹೋದ. ಆ ಹುಡುಗಿಯ ಕೈ ಹಿಡಿದೆ, ಮಂಜುಗಡ್ಡೆಯಾಗಿತ್ತು. ಅವನಿಗೆ ಅನುಮಾನ ಬಂದಿದೆ. ಹೊರಟು ಬಾ, ಅಥವಾ ಅವನಿಗೆ ಎಲ್ಲವನ್ನೂ ನೇರವಾಗಿ ಬರೆ. ನಿಮ್ಮಿಬ್ಬರ ನಡುವೆ ಎಂಟು ವರ್ಷದ ಕೂಸು ದುಭಾಷಿಯಾಗಿ ನಿಂತಿರುವುದನ್ನು ನೋಡಲಾರೆ.

ನಿನ್ನ,
ಬಿರ್ಗಿಟ್


ಹರ್ನೊಸಂಡ್, ೧೦ ನವೆಂಬರ್ ೧೯೭೮

ಪ್ರಿಯ ಬಿರ್ಗಿಟ್,

ನೀನು ಹೆದರಿ ನನ್ನನ್ನೂ ಹೆದರಿಸುತ್ತೀಯ. ಸ್ಟಮಾಟಿಸ್‌ನನ್ನು ನಾನು ಬಲ್ಲೆ. ಮಾತಿನಲ್ಲಿ ಸಮುದ್ರ ದಾಟುತ್ತಾನೆ, ಅಂಗಿಯ ಗುಂಡಿ ಹಾಕಿಸಲು ಆರು ತಿಂಗಳು. ಸೂಟ್‌ಕೇಸಂತೆ! ನಮ್ಮ ಸೂಟ್‌ಕೇಸ್ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿಲ್ಲ.

ಕ್ಯಾಸೆಟ್ಟಿನ ಇಂಗ್ಲಿಷ್ ಒಳ್ಳೆಯದೇ ಆಯಿತು. ಇಲ್ಲಿ ಮೂರನೆಯ ತರಗತಿಯಿಂದ ಇಂಗ್ಲಿಷ್ ಇದೆ, ಅರ್ಗೀರೋ ಎಲ್ಲರಿಗಿಂತ ಮುಂದಿರುತ್ತಾಳೆ. ಅವರ ದೊಡ್ಡಪ್ಪ ಹಬ್ಬ ಬಂದಾಗೆಲ್ಲ ಏನಾದರೊಂದು ಕಳಿಸುತ್ತಿರುತ್ತಾನೆ.

ಅಮ್ಮನಿಗೆ ಎರಡನೆಯ ಸಲ ಪಾರ್ಶ್ವವಾಯು ಹೊಡೆದಿದೆ. ನನ್ನ ಹೆಸರು ಮರೆತಿದ್ದಾಳೆ, ಕೈ ಮಾತ್ರ ಬಿಡುವುದಿಲ್ಲ. ಬಿಟ್ಟು ಹೇಗೆ ಬರಲಿ? ಡಿಸೆಂಬರ್ ಹನ್ನೊಂದಕ್ಕೆ ಅಲ್ಲಿರುತ್ತೇನೆ, ಅದಕ್ಕೆ ಮೊದಲು ಆಗದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನೀನು ಮರುಕಪಟ್ಟು ಆ ಹುಡುಗಿಯ ಹತ್ತಿರ ಗ್ರೀಕಿನಲ್ಲಿ ಒಂದೇ ಒಂದು ಮಾತಾಡಿದರೂ ಕೆಟ್ಟಿತು. ಆಮೇಲೆ ಅವಳು ನಿನ್ನ ಹತ್ತಿರ ಸ್ವೀಡಿಷ್ ಆಡುವುದಿಲ್ಲ, ಜನವರಿಯಲ್ಲಿ ಇಲ್ಲಿ ಮೂಗಿಯ ಹಾಗೆ ಕೂರುತ್ತಾಳೆ. ಮಕ್ಕಳು ಏನೇನೋ ಆಡಿಕೊಳ್ಳುತ್ತವೆ. ನಿನಗೆ ಕೇಳಿಸಿಲ್ಲ. ಇನ್ನು ಒಂದು ತಿಂಗಳು ಕಿವಿ ಮುಚ್ಚಿಕೊಂಡಿರು, ನನ್ನ ಮೇಲಾಣೆ.

ಗುನ್‌ವೋರ್


ವೋಲೋಸ್, ೨೬ ನವೆಂಬರ್ ೧೯೭೮

ಗುನ್‌ವೋರ್,

ಆಣೆ ಇಡುವುದು ಈ ಊರಿನವರ ಅಭ್ಯಾಸ. ನೀನೂ ಕಲಿತೆ.

ಕಿರೀಟ ಸಿದ್ಧವಾಗಿದೆ. ನಮ್ಮ ಕಾಡಿನ ಲಿಂಗೊನ್ ಎಲೆ ಇಲ್ಲಿ ಎಲ್ಲಿಂದ ತರಲಿ, ಆಲಿವ್ ಚಿಗುರು ಸುತ್ತಿದ್ದೇನೆ. ಗುರುವಾರ ಅರ್ಗೀರೋ ತಲೆಗಿಟ್ಟು ಅಳತೆ ನೋಡಿದೆ. ಅವಳು ಅದನ್ನು ತೆಗೆದು, ತನಗಿಂತ ಚಿಕ್ಕ ಹುಡುಗಿಯ ತಲೆಗಿಟ್ಟಳು. "ಅವಳಿಗೂ ಸರಿಹೋಗುತ್ತೆ ನೋಡಿ, ಬಿರ್ಗಿಟ್. ಬೇಕಾದ್ರೆ ಅವಳೇ ಹಾಕ್ಕೊಳ್ಳಲಿ."

ಬೇಕಾದರೆ ಎಂದರೇನು ಎಂದು ಕೇಳಿದೆ. ಭುಜ ಹಾರಿಸಿದಳು.

ಊಟದ ಬಿಡುವಿನಲ್ಲಿ ನಾನು ಕಿತ್ತಳೆ ಸುಲಿಯುತ್ತಿದ್ದೆ. ಅಕ್ಕ ತಮ್ಮ ಇಬ್ಬರೂ ಬಂದು ನನ್ನ ಕಾಲ ಬುಡದಲ್ಲೇ ಕೂತರು. ಅಂಗಳದಲ್ಲಿ ಅಷ್ಟು ಜಾಗವಿತ್ತು! ಅರ್ಗೀರೋ ತಮ್ಮನಿಗೆ ಗ್ರೀಕಿನಲ್ಲಿ ಏನೋ ಹೇಳಿದಳು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಹೇಳುವಾಗ ತಮ್ಮನನ್ನು ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಚಾಕು ನಿಂತಿತು. ನಾನು ಸ್ವೀಡಿಷ್‌ನಲ್ಲಿ, ದಿನವೂ ಹೇಳುವ ಹಾಗೆ, "ನನಗೆ ಅರ್ಥವಾಗಲಿಲ್ಲ, ಸ್ವೀಡಿಷ್‌ನಲ್ಲಿ ಹೇಳು ಮರಿ" ಎಂದೆ.

"ಸ್ವೀಡಿಷ್‌ನಲ್ಲಿ ಹೇಳೋಕಾಗಲ್ಲ" ಎಂದಳು. ಎದ್ದು ಹೋದಳು.

ಅವಳು ಹೇಳಿದ್ದೇನೆಂದು ನಾನು ಬರೆಯುವುದಿಲ್ಲ. ಅದು ನೀನು ಮುಚ್ಚು ಎಂದ ಕಿವಿಗೆ ಬಿದ್ದದ್ದು. ನಿನ್ನ ಮಾತು ಅವನಿಗೆ ಸಾಗಿಸಲಿಲ್ಲ, ಅವನ ಮನೆಯ ಮಾತು ನಿನಗೂ ಸಾಗಿಸಲಾರೆ. ಇಷ್ಟು ಹೇಳುತ್ತೇನೆ: ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದು ನೀನೊಬ್ಬಳೇ ಅಂದುಕೊಂಡಿಲ್ಲ. ಹನ್ನೊಂದಕ್ಕೆ ಕಾಯಬೇಡ.

ಬಿರ್ಗಿಟ್


ಹರ್ನೊಸಂಡ್, ೭ ಡಿಸೆಂಬರ್ ೧೯೭೮

ಏನು ಕೇಳಿಸಿತು? ಏನು ಹೇಳಿದಳು? ಕಾಗದ ಬರೆದೆಯಾ ನೀನು, ಕಾಗದ! ಹತ್ತು ದಿನ ಅದು ಅಂಚೆ ಚೀಲದಲ್ಲಿ ಮಲಗಿತ್ತು. ತಂತಿ ಕಳಿಸಲು ಕೈ ಬರಲಿಲ್ಲವೇ?

ಮನೆಗೆ ಫೋನ್ ಮಾಡಿದೆ. ಮಕ್ಕಳು ಮಲಗಿದ್ದಾರೆ ಎಂದರು ಅತ್ತೆ. ಸಂಜೆ ನಾಲ್ಕಕ್ಕೆ! ಮತ್ತೆ ಮಾಡಿದರೆ ಚರ್ಚಿಗೆ ಹೋಗಿದ್ದಾರಂತೆ. ಮೂರನೆಯ ಸಲ ಎತ್ತಿ, ಅತ್ತು, ಇಟ್ಟುಬಿಟ್ಟರು.

ಅಮ್ಮ ಭಾನುವಾರ ತೀರಿಕೊಂಡಳು. ನಾಳೆ ಮಣ್ಣು. ಮಣ್ಣು ಮಾಡಿದ ಕೂಡಲೇ ಹೊರಡುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬರಬಹುದು. ಮೊದಲು ಇದು ತಲುಪಿದರೆ, ನಿಯಮ ಹಾಳಾಗಿ ಹೋಗಲಿ ಬಿರ್ಗಿಟ್, ಅವರ ಮನೆಗೆ ಓಡು, ಗ್ರೀಕಿನಲ್ಲಿ ಕೂಗು, ಬಾಗಿಲಿಗೆ ಅಡ್ಡ ಮಲಗು.

ಗು.


ವೋಲೋಸ್, ೧೪ ಜನವರಿ ೧೯೭೯

ಗುನ್‌ವೋರ್,

ಅಥೆನ್ಸಿನ ನಿನ್ನ ವಕೀಲರ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಓದದೆ ಹರಿದರೂ ಸರಿ. ಲೂಸಿಯಾ ದಿನ ನೀನು ಖಾಲಿ ಮನೆ ನೋಡಿ ಬಂದು ಶಾಲೆಯ ಬಾಗಿಲಲ್ಲಿ ನಿಂತೆ. ಒಳಗೆ ಮಕ್ಕಳು ಹಾಡುತ್ತಿದ್ದರು. ನನ್ನನ್ನು ನೋಡಿದೆ, ಒಂದು ಮಾತಾಡದೆ ಹೊರಟುಹೋದೆ. ನಮ್ಮಿಬ್ಬರ ನಡುವೆ ಎರಡು ಭಾಷೆಯಿತ್ತು, ಒಂದರಲ್ಲಾದರೂ ಬೈಯಬಹುದಿತ್ತು.

ನಿನಗೆ ಹೇಳದೆ ಉಳಿದದ್ದನ್ನು ಹೇಳುತ್ತೇನೆ. ಡಿಸೆಂಬರ್ ನಾಲ್ಕರಂದು ಇಬ್ಬರ ಜಾಗವೂ ಖಾಲಿಯಿತ್ತು. ಸಿತಾಳೆ ಸಿಡುಬು ಎಂದು ಹೇಳಿಕಳಿಸಿದ್ದರು. ನಂಬಬೇಕೆನಿಸಿತು, ನಂಬಿದೆ. ಮಾರನೆಯ ದಿನ ಕೇಸರಿ ಬನ್ನು ಕಟ್ಟಿಕೊಂಡು ನಿಮ್ಮ ಮನೆಗೆ ಹೋದೆ. ದಾರಿಯಲ್ಲಿ ನಮ್ಮ ಶಾಲೆಯ ಒಂದು ಪುಟ್ಟಿ ಕೈ ಹಿಡಿದುಕೊಂಡು ಜೊತೆಗೆ ಬಂದಳು. ಅತ್ತೆ ಬಾಗಿಲು ತೆರೆದರು. ಹಿಂದೆ ಕೋಣೆಯ ಮಂಚಗಳ ಹಾಸಿಗೆ ಸುತ್ತಿಟ್ಟಿತ್ತು. ಮಕ್ಕಳೆಲ್ಲಿ ಎಂದು ಕೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು, ಗ್ರೀಕಿನಲ್ಲಿ. ಆದರೆ ಕೈಯಲ್ಲಿ ಆ ಪುಟ್ಟಿ ಇದ್ದಳು. ನಾನು ಬನ್ನು ತೋರಿಸಿದೆ. ಬೆರಳಿನಿಂದ ಎರಡು ಮಕ್ಕಳ ಎತ್ತರ ತೋರಿಸಿದೆ!

ಅತ್ತೆ ಅಳುತ್ತಾ ಅಂದರು: "ಸಾಕು ನಿಲ್ಸೇ ನಿನ್ನ ನಾಟಕಾನ. ನಿಂಗೆ ಎಲ್ಲಾ ಅರ್ಥ ಆಗುತ್ತೆ. ಕೇಳು, ಕೇಳಿದ್ರೆ ಹೇಳ್ಬಿಡ್ತೀನಿ. ಎದೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ ನಂಗೆ."

ನಾನು ತಲೆಯಾಡಿಸಿದೆ. ಅರ್ಥವಾಗಲಿಲ್ಲ ಎಂದು ತಲೆಯಾಡಿಸಿದೆ, ಗುನ್‌ವೋರ್. ಮಗುವನ್ನು ಅವಳ ಮನೆಗೆ ಬಿಟ್ಟು ವಾಪಸ್ಸು ಓಡಿ ಬಂದೆ. ಅಷ್ಟರಲ್ಲಿ ಅತ್ತೆ ಬಾಗಿಲು ಹಾಕಿಕೊಂಡಿದ್ದರು, ಎಷ್ಟು ಬಡಿದರೂ ತೆರೆಯಲಿಲ್ಲ. ನೀನು ಬರುವಾಗ ಅವರೂ ತಂಗಿಯ ಊರಿಗೆ ಹೋಗಿದ್ದರು. ಮೆಲ್ಬರ್ನಿನ ಅಣ್ಣನ ಹಳೆಯ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ ಎಂದು ನಿನ್ನ ವಕೀಲರಿಂದ ತಿಳಿಯಿತು.

ಕಿತ್ತಳೆಯ ದಿನ ಅರ್ಗೀರೋ ಹೇಳಿದ್ದು ಇದು: "ಅಪ್ಪ ಟಿಕೆಟ್ ತಂದಿದ್ದಾರೆ, ಫಾನಿಸ್. ಮುಂದಿನ ವಾರ ವಿಮಾನದಲ್ಲಿ ಆಸ್ಟ್ರೇಲಿಯಾಗೆ. ಅಮ್ಮ ಬರೋ ಮುಂಚೆ." ನಾನು ಇಷ್ಟನ್ನು ತಂತಿಯಲ್ಲಿ ಕಳಿಸಿದ್ದರೆ ಐದು ಪದ ಸಾಕಿತ್ತು.

ನಿನ್ನೆ ತರಗತಿಯಲ್ಲಿ ಮಕ್ಕಳ ಎದುರು ಗ್ರೀಕಿನಲ್ಲಿ ಮಾತಾಡಿದೆ. ಸಿಡಿಲು ಬೀಳುತ್ತದೆ ಎಂದುಕೊಂಡಿದ್ದೆ. ಯಾರೂ ತಿನ್ನುತ್ತಿದ್ದ ಬ್ರೆಡ್ಡಿನಿಂದ ತಲೆ ಎತ್ತಲಿಲ್ಲ.

ಬಿರ್ಗಿಟ್


ಮೆಲ್ಬರ್ನ್, ೨೦ ಮೇ ೧೯೭೯

ಪ್ರೀತಿಯ ಬಿರ್ಗಿಟ್,

ಅಪ್ಪ ಪಕ್ಕದಲ್ಲೇ ಕೂತಿದ್ದಾರೆ. ಟೀಚರಿಗೆ ಒಂದು ಕಾಗದ ಬರೆಯಬಹುದು, ವಿಳಾಸ ಮಾತ್ರ ಬರೆಯಬಾರದು ಅಂದಿದ್ದಾರೆ. ಅವರಿಗೆ ಸ್ವೀಡಿಷ್ ಓದಲು ಬರುವುದಿಲ್ಲ, ಏನು ಬರೆದೆ ಅಂತ ಆಮೇಲೆ ಕೇಳುತ್ತಾರೆ. ಆಗ ಬೇರೆ ಏನಾದರೂ ಹೇಳುತ್ತೇನೆ. ನನಗೆ ಅದು ಬರುತ್ತದೆ.

ನಾನು ಚೆನ್ನಾಗಿದ್ದೇನೆ. ಇಲ್ಲಿ ಗ್ರೀಕ್ ಅಂಗಡಿ ಇದೆ, ಅಲ್ಲಿ ಎಲ್ಲ ಸಿಗುತ್ತದೆ. ಶಾಲೆಯಲ್ಲಿ ಟೀಚರನ್ನು ಹೆಸರು ಹಿಡಿದು ಕರೆದೆ, ಎಲ್ಲರೂ ನಕ್ಕರು. ವೋಲೋಸ್‌ನ ಅಜ್ಜಿ, ನಮ್ಮ ಯಯಾ ಹೇಳಿದ್ದೇ ಸರಿ. ಅಪ್ಪ ಭಾನುವಾರ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತಾರೆ. ಕೆಲವು ಸಲ ಅಡುಗೆಮನೆಯಲ್ಲಿ ಒಬ್ಬರೇ ಅಳುತ್ತಾರೆ. ಅದನ್ನು ಅಮ್ಮನಿಗೆ ಹೇಳಬೇಡಿ. ಅಥವಾ ಹೇಳಿ. ನನಗೆ ಗೊತ್ತಿಲ್ಲ.

ಅಮ್ಮನಿಗೆ ಹೇಳಿ, ನಾನು ಅಜ್ಜಿಯ ಮನೆಯ ವಿಳಾಸ ಮರೆತಿಲ್ಲ.

ನಿಮಗೆ ಗ್ರೀಕ್ ಬರುತ್ತದೆ ಅಂತ ನನಗೆ ಗೊತ್ತಿತ್ತು. ಕಡಜ ಅಂತ ಫಾನಿಸ್ ಕೂಗಿದ್ದು ಗ್ರೀಕಿನಲ್ಲಿ, ನೀವು ಹಾರಿದಿರಿ. ಎಲ್ಲ ಮಕ್ಕಳಿಗೂ ಗೊತ್ತಿತ್ತು. ನಿಮಗೆ ಬೇಜಾರಾಗಬಾರದು ಅಂತ ಯಾರೂ ಹೇಳಲಿಲ್ಲ.

ಅಪ್ಪ ನನ್ನ ಹತ್ತಿರ ಯಯಾಳ ಮೇರಿ ಮಾತೆಯ ಚಿತ್ರ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು. ಅಮ್ಮನಿಗೆ ಬರೆಯಲ್ಲ, ಹೋಗುವ ವಿಷಯ ಯಾರಿಗೂ ಸ್ವೀಡಿಷ್‌ನಲ್ಲಿ ಹೇಳಲ್ಲ ಅಂತ. ಅದಕ್ಕೇ ಗ್ರೀಕಿನಲ್ಲಿ ಹೇಳಿದೆ. ಆಲಿವ್ ತಿನ್ನುವಾಗ ಹೇಳಿದೆ. ಹಿಮದ ಪಾಠದಲ್ಲಿ ಹೇಳಿದೆ. ಕಿತ್ತಳೆ ಸುಲಿಯುವಾಗ ನಿಧಾನವಾಗಿ ಹೇಳಿದೆ, ಭಾಷೆಗೆ ಹೊಸಬರ ಹತ್ತಿರ ಮಾತಾಡುವಾಗ ಹೀಗೆ ಬಿಡಿಸಿ ಹೇಳಬೇಕು ಅಂತ ನೀವೇ ಕಲಿಸಿದ ಹಾಗೆ. ನೀವು ಅರ್ಥವಾಗಲಿಲ್ಲ ಅಂದಿರಿ. ಆಮೇಲೆ ಕಿತ್ತಳೆ ಕೊಡಲು ನನ್ನ ಹಿಂದೆ ಬಂದಿರಿ.

ಈಗ ಫಾನಿಸ್ ಸ್ವೀಡಿಷ್ ಮಾತಾಡುವುದಿಲ್ಲ. ನಾನು ದಿನಾ ಮಲಗುವ ಮುಂಚೆ ಅವನ ಹತ್ತಿರ ಸ್ವೀಡಿಷ್‌ನಲ್ಲಿ ಮಾತಾಡುತ್ತೇನೆ. ಅಮ್ಮನ ಹಾಡು ಹೇಳುತ್ತೇನೆ. ಅವನು ಗೋಡೆಗೆ ತಿರುಗಿ, ಅರ್ಥವಾಗಲ್ಲ ಅನ್ನುತ್ತಾನೆ. ನಿಜವಾಗಿ ಮರೆತಿದ್ದಾನೋ, ನಿಮ್ಮ ಹಾಗೆ ಮಾಡುತ್ತಿದ್ದಾನೋ ನನಗೆ ತಿಳಿಯುತ್ತಿಲ್ಲ.

ಇಲ್ಲಿ ಈಗ ಚಳಿಗಾಲ ಬರುತ್ತಿದೆ, ಹೊರಗೆ ಕಡಜಗಳಿಲ್ಲ. ಬಿಸಿಲು ಬರಲಿ ಅಂತ ಕಾಯುತ್ತಿದ್ದೇನೆ. ಒಂದು ದಿನ ಫಾನಿಸ್‌ನ ಬೆನ್ನ ಮೇಲೆ ಕಡಜ ಕೂತೇ ಕೂರುತ್ತದೆ. ಆಗ ಸ್ವೀಡಿಷ್‌ನಲ್ಲಿ ಕೂಗುತ್ತೇನೆ.

ಅರ್ಗೀರೋ